ಕೊಸರಿಗೂ ಕಾಸು ಕೇಳಿದ ಕಂಪನಿ

ನಂಬೋದಿಲ್ಲ ಅಂತೀರಾ? ಬೇಡ ಬಿಡಿ. ಆದರೆ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಹುರಿದ ಶೇಂಗಾ ಮಾರುವ ನಮ್ಮೂರ ಫಕ್ಕೀರೇಶ, ಒಂದು ದೊಡ್ಡ ವೀಡಿಯೋ ಗೇಮ್ ಕಂಪನಿಯ ಬಾಯಿಂದಲೇ ನ್ಯಾಯ ಹೊರಡಿಸಿದ. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ಆ ಆಟದಲ್ಲಿ ಹೋರಿ ಓಡಿಸಬೇಕು. ಅದರ ಕೊರಳಿನ ಕೊಬ್ಬರಿ ಹಾರ ಹರಿಯಲು ಜನ ನುಗ್ಗುತ್ತಾರೆ. ಯಾರ ಕೈಗೂ ಸಿಗದೆ ಹೋರಿ ಗೆರೆ ದಾಟಬೇಕು. ಫಕ್ಕೀರೇಶ ಆಡಲು ಕೂತನೆಂದರೆ ಇಡೀ ಜಿಲ್ಲೆಯಲ್ಲಿ ಅವನಿಗೆ ಎದುರಿಲ್ಲ. ಆದರೆ ಆಟ ಕೊಂಡ ಮೇಲೆ ಕಂಪನಿ ಬಾಲ ಬಿಚ್ಚಿತು. ಕರಿ ಹೋರಿ ಬೇಕೆಂದರೆ ಬೇರೆ ದುಡ್ಡು. ಕೆಸರಿನ ಅಖಾಡ ಬೇಕೆಂದರೆ ಬೇರೆ ದುಡ್ಡು. ಕೋಡಿನ ತುದಿಗೆ ತೊಡಿಸುವ ಬೆಳ್ಳಿ ಕೋಡಣಸಿಗೆ ಮತ್ತೆ ದುಡ್ಡು. ಫಕ್ಕೀರೇಶ ಚಹಾ ಬಿಟ್ಟ, ಹೊಸ ಚಪ್ಪಲಿಯ ಆಸೆ ಬಿಟ್ಟ, ಎಲ್ಲವನ್ನೂ ಕೊಂಡ. ಕರಿ ಹೋರಿಗೆ ಗುಡುಗು ಅಂತ ಹೆಸರಿಟ್ಟ.

ಎರಡು ವರ್ಷ ಕಳೆಯಿತು. ಕಂಪನಿ ಅದೇ ಆಟಕ್ಕೆ ಹೊಸ ಅಂಗಿ ತೊಡಿಸಿ ಮತ್ತೆ ಮಾರಾಟಕ್ಕಿಟ್ಟಿತು. ಹಿಂದೆ ಬಿಡಿಬಿಡಿಯಾಗಿ ಮಾರಿದ್ದೆಲ್ಲ ಈಗ ಒಳಗೇ ಇತ್ತು. ಬೆಲೆಯೂ ಕಡಿಮೆ. ಮೇಲಾಗಿ ಪಂದ್ಯಗಳೆಲ್ಲ ಇನ್ನು ಹೊಸ ಆಟದಲ್ಲೇ ಅಂತೆ. ಹಳಬರೂ ಪೂರ್ತಿ ದುಡ್ಡು ಕೊಟ್ಟು ಇನ್ನೊಮ್ಮೆ ಕೊಳ್ಳಬೇಕಂತೆ! ಇಲ್ಲದಿದ್ದರೆ ಗುಡುಗು ಹಳೆಯ ಆಟದಲ್ಲಿ ಒಂಟಿಯಾಗಿ ನಿಂತಿರಬೇಕು.

ಮೊನ್ನೆ ಮೊನ್ನೆ ಹೊಸ ಆಟ ಕೊಂಡು ಆಡಲು ಕಲಿತ ಮೊಬೈಲ್ ಅಂಗಡಿಯ ಚನ್ನವೀರ ಹಲ್ಲು ಕಿರಿದ. "ಏನ್ಲೇ ಫಕ್ಕೀ, ನೀ ಚಾ ಬಿಟ್ಟು ತಂದ ಹೋರಿ ನನ್ನ ಕೊಟ್ಟಿಗ್ಯಾಗ ಪುಕ್ಕಟೆ ಬಂದು ನಿಂತೈತಲ್ಲೋ!"

ಫಕ್ಕೀರೇಶನ ಮೈಯೆಲ್ಲ ಉರಿಯಿತು. "ತಡಾ ಮಾಡಿ ಬಂದಾವ್ರಿಗೆ ಅಗ್ಗ ಸಿಗಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದ್ರ ನಾ ಕೊಂಡಿದ್ದನ್ನ ನನಗೇ ಮತ್ತ ಮಾರ್ತಾರಂದ್ರ ಹೆಂಗಪಾ?"

ಅಷ್ಟರಲ್ಲಿ ಕಂಪನಿಯೇ ಅವನನ್ನು ಹುಬ್ಬಳ್ಳಿಯ ಪ್ರಚಾರ ಸಭೆಗೆ ಕರೆಸಿತು. ಜಿಲ್ಲೆಯ ಹುಲಿ ಎನಿಸಿಕೊಂಡ ಅವನು ವೇದಿಕೆಯ ಮೇಲೆ ನಿಂತು ಹೊಸ ಆಟವನ್ನು ಹೊಗಳಬೇಕಿತ್ತು. ಅವನು ಶೇಂಗಾ ಬುಟ್ಟಿ ಹೊತ್ತುಕೊಂಡೇ ವೇದಿಕೆ ಹತ್ತಿದ.

"ಸಾಹೇಬ್ರ, ಮಾತು ಆಮ್ಯಾಲೆ. ಮೊದಲ ಬೋಣಿಗೆ ಮಾಡ್ರಿ."

ಮ್ಯಾನೇಜರ್ ವಾದಿರಾಜರು ನಗುತ್ತ ಒಂದು ಪಾವು ಕೊಂಡರು. ಫಕ್ಕೀರೇಶ ಅದರ ಮೇಲೆ ಒಂದು ಹಿಡಿ ಕೊಸರು ಹಾಕಿ ಕೈ ಚಾಚಿದ. "ಕೊಸರಿಗೆ ಬ್ಯಾರೆ ರೊಕ್ಕ." ತಮಾಷೆಯೆಂದುಕೊಂಡು ಅದನ್ನೂ ಕೊಟ್ಟರು. ಆಮೇಲೆ ಮುಂದಿನ ಸಾಲಿನವರೊಬ್ಬರಿಗೆ ಅವನು ಒಂದು ಪಾವು ಅಳೆದು, ಕೊಸರನ್ನೂ ಸೇರಿಸಿ, ಕಡಿಮೆ ಬೆಲೆಗೆ ಕೊಟ್ಟ.

"ಏನ್ರೀ ಇದು? ಬೋಣಿಗೆ ಮಾಡಿದವನು ನಾನು!" ಎಂದರು ಮ್ಯಾನೇಜರ್.

"ತಡೀರಿ, ಇನ್ನೂ ಮುಗಿದಿಲ್ಲ." ಫಕ್ಕೀರೇಶ ಅವರ ಕೈಯಲ್ಲಿದ್ದ ಪೊಟ್ಟಣವನ್ನು ಕಿತ್ತು ಬುಟ್ಟಿಗೆ ಹಾಕಿದ. "ಇದು ಹಳೇದಾತು. ತಿನ್ನೂದಿದ್ರ ಹೊಸಾದು ಕೊಳ್ರಿ."

"ನಾನು ದುಡ್ಡು ಕೊಟ್ಟಿದ್ದೀನಿ ಕಣ್ರೀ! ಇದು ಅನ್ಯಾಯ!"

ಮೈಕಿನ ಮುಂದೆಯೇ ಕೂಗಿಬಿಟ್ಟಿದ್ದರು. ಸಭೆ ಹೋ ಎಂದು ನಕ್ಕಿತು.

"ಇದನ್ನ ನಿಮ್ಮ ಬಾಯಿಂದ ಕೇಳಾಕ ಬಂದಿದ್ದೆ" ಎಂದು ಫಕ್ಕೀರೇಶ ಪೊಟ್ಟಣ ವಾಪಸು ಕೊಟ್ಟ.

ಮ್ಯಾನೇಜರ್ ಅವನ ಕಿವಿಯಲ್ಲಿ ಪಿಸುಗುಟ್ಟಿದರು. "ನಿಮಗೊಬ್ಬರಿಗೆ ಹೊಸ ಆಟ ಪುಕ್ಕಟೆ ಕೊಡ್ತೀವಿ. ಈಗ ಸುಮ್ಮನೆ ಕೆಳಗಿಳಿರಿ."

ಗುಡುಗು ಕಣ್ಣ ಮುಂದೆ ಬಂದು ನಿಂತಿತು. ಹೂಂ ಅಂದರೆ ಸಾಕು, ಅದು ಮತ್ತೆ ಅವನದು. ಆದರೂ ಅವನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

"ಕೊಸರು ಹಾಕೂದು ಗಿರಾಕಿಗೆ ಸಾಹೇಬ್ರ, ಬಾಯಿ ಮುಚ್ಚಸಾಕಲ್ಲ! ಮೊದಲ ಕೊಂಡವ್ರಿಗೆಲ್ಲಾ ಕೊಡ್ರಿ. ಕಡೀಕ ನನಗ ಕೊಡ್ರಿ."

ಕೂಡಲೇ ಕಾವಲಿನವರು ಅವನ ರಟ್ಟೆ ಹಿಡಿದು ಹೊರಗೆ ಕಳಿಸಿದರು. ಆದರೆ ಮ್ಯಾನೇಜರ್ "ಅನ್ಯಾಯ" ಎಂದು ಕೂಗಿದ ವೀಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹಳಬರೆಲ್ಲ ಅದನ್ನೇ ಕಂಪನಿಗೆ ಕಳಿಸತೊಡಗಿದರು. ತಿಂಗಳೊಳಗೆ ಕಂಪನಿ ಮಣಿಯಿತು.

ಕೊನೆಗೆ ಫಕ್ಕೀರೇಶನಿಗೆ ಸಿಕ್ಕಿದ್ದು ಇಷ್ಟು: ಹಳೆಯ ಗಿರಾಕಿಗಳಿಗೆಲ್ಲ ಕೊಟ್ಟಂತೆ ಹೊಸ ಆಟದ ಒಂದು ಪ್ರತಿ, ಗುಡುಗು ಸಮೇತ. ಕ್ಷಮೆಯ ಮಾತು ಒಂದೂ ಇರಲಿಲ್ಲ.

ನೀತಿ: ನಂಬಿ ಮೊದಲು ಕೊಂಡವನಿಗೆ ಅವನ ವಸ್ತುವನ್ನೇ ಮತ್ತೆ ಮಾರುವುದು ದ್ರೋಹ. ಅದನ್ನು ಕೇಳಲು ಹೊರಟವನು ತನ್ನೊಬ್ಬನ ಪಾಲು ಸಿಕ್ಕಿತೆಂದು ಸುಮ್ಮನಾಗಬಾರದು.