ತಾಯಿಯವರು ಬೊಗಸೆ ಒಡ್ಡಿದ್ದು

ತುಂಗಭದ್ರೆಯ ದಂಡೆಯ ಮೇಲೆ, ಜೋಳದ ಸೊಪ್ಪೆ ಹೊದಿಸಿದ ಗುಡಿಸಲೊಂದರಲ್ಲಿ ಪೂಜ್ಯ ನೀಲಗಂಗಮ್ಮ ತಾಯಿಯವರು ವಾಸವಾಗಿದ್ದರು. ಗೌಡರ ಮನೆಯಲ್ಲಿ ಹುಟ್ಟಿ, ಮೂವತ್ತರ ಪ್ರಾಯದಲ್ಲಿ ಎಲ್ಲವನ್ನೂ ಬಿಟ್ಟು ಬಂದವರು. ಆಸ್ತಿಯೆಂದರೆ ಒಂದು ಚಾಪೆ, ಒಂದು ತಾಮ್ರದ ತಂಬಿಗೆ. ಮಾತು ಬಹಳ ಕಡಿಮೆ. ಸೋಮವಾರ ಮಧ್ಯಾಹ್ನ ಬಂದವರಿಗೆಲ್ಲ ಆ ತಂಬಿಗೆಯಿಂದ ತೀರ್ಥ ಕೊಡುತ್ತಿದ್ದರು.

ಒಂದು ಬೇಸಗೆಯ ಸೋಮವಾರ ಹುಲಗಪ್ಪ ಮಾಸ್ತರರು ಅಲ್ಲಿಗೆ ಬಂದರು. ತಮ್ಮೂರ ಹೊಲಗೇರಿಯಿಂದ ಮೊದಲು ಮೆಟ್ರಿಕ್ ಪಾಸಾದವರು ಅವರೇ, ಈಗ ನಿವೃತ್ತರು. ಮಠ, ತೀರ್ಥ ಯಾವುದರಲ್ಲೂ ನಂಬಿಕೆಯಿಲ್ಲ. ಆದರೆ ಹೆಂಡತಿ ಗಾಳೆವ್ವ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು. ತಾಯಿಯವರ ತೀರ್ಥ ಒಂದು ಗುಟುಕು ಬೇಕೆಂದು ಆಕೆ ಕೇಳಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮಾಸ್ತರರು ಸ್ಟೀಲಿನ ಬಾಟಲಿ ಹಿಡಿದು ಬಸ್ಸು ಹತ್ತಿದ್ದರು.

ತಾವು ನಿವೃತ್ತ ಮಾಸ್ತರರೆಂದೂ ಹಾಸಿಗೆ ಹಿಡಿದ ಹೆಂಡತಿಗಾಗಿ ಬಂದದ್ದೆಂದೂ ಹೇಳಿ ಬಾಟಲಿ ಮುಂದೆ ಹಿಡಿದರು. ಅಲ್ಲಿ ಸೇವೆಗಿದ್ದ ಷಣ್ಮುಖಯ್ಯನವರಿಗೆ ನಿಯಮವೆಂದರೆ ಪ್ರಾಣ. ತೀರ್ಥವನ್ನು ಬೊಗಸೆಯಲ್ಲೇ ಇಸಿದುಕೊಳ್ಳಬೇಕು, ಆಮೇಲೆ ಬೇಕಾದರೆ ಬಾಟಲಿಗೆ ಸುರಿದುಕೊಳ್ಳಿ ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮಾಸ್ತರರ ಕೈ ಏಳಲಿಲ್ಲ.

ಬೇವಿನ ನೆರಳು ನೆಲದ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಹೊಳೆಯ ಮೇಲಿನ ಬಿಸಿಲು ಕಣ್ಣಿಗೆ ಮಂಪರು ತರಿಸುತ್ತಿತ್ತು. ಆ ಮಂಪರಿನಲ್ಲಿ ಅವರು ಮತ್ತೆ ಎಂಟು ವರ್ಷದವರಾಗಿ ಊರ ಬಾವಿಕಟ್ಟೆಯ ಕೆಳಗೆ ನಿಂತಿದ್ದರು. ಕೇರಿಯವರು ಬಾವಿ ಮುಟ್ಟುವಂತಿರಲಿಲ್ಲ. ಯಾರಾದರೂ ಬಂದು ಹೊಯ್ಯುವ ತನಕ ಬೊಗಸೆ ಒಡ್ಡಿ ಕಾಯಬೇಕು. ಹೊಯ್ಯುವವರ ಮುಖ ಬಿಸಿಲಿಗೆ ಕಾಣುತ್ತಿರಲಿಲ್ಲ. ಬಳೆಯ ಸದ್ದು, ಆಮೇಲೆ ಎತ್ತರದಿಂದ ನೀರು, ಅದು ಮೊಣಕೈವರೆಗೆ ಇಳಿದು ಅಂಗಿ ತೊಯ್ಯುವುದು. ಕೆಲವೊಮ್ಮೆ ಹೊಯ್ಯುವವರು ನಡುವೆಯೇ ನಿಲ್ಲಿಸಿ ನಗುತ್ತಿದ್ದರು. ಊರು ಬಿಟ್ಟ ದಿನವೇ ಮಾಸ್ತರರು ಇನ್ನು ಯಾರ ಮುಂದೆಯೂ ಬೊಗಸೆ ಒಡ್ಡುವುದಿಲ್ಲ ಎಂದು ನಿಶ್ಚಯಿಸಿದ್ದರು.

ಹೆಂಡತಿಗಾಗಿ ಒಡ್ಡಬೇಕೆಂದು ತಮಗೆ ತಾವೇ ಎಷ್ಟು ಹೇಳಿಕೊಂಡರೂ ಕೈ ಕೇಳಲಿಲ್ಲ. ಬಾವಿಕಟ್ಟೆಯ ಕೆಳಗೆ ನಿಂತು ಒಡ್ಡಿದ್ದೇ ಈ ಜನ್ಮಕ್ಕೆ ಸಾಕಾಗಿದೆ ಎಂದು ಷಣ್ಮುಖಯ್ಯನವರಿಗೆ ಹೇಳಿ, ಖಾಲಿ ಬಾಟಲಿ ಹಿಡಿದು ಹೊರಳಿದರು. ಗಾಳೆವ್ವನಿಗೆ ಏನು ಹೇಳುವುದೆಂದು ಯೋಚಿಸುತ್ತ ಎರಡು ಹೆಜ್ಜೆ ಇಟ್ಟರು.

“ಮಾಸ್ತರ, ನಿಂದರ್ರಿ,” ಎಂದು ಗುಡಿಸಲೊಳಗಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ತಾಯಿಯವರು ಕರೆದರು.

ಚಾಪೆಯಿಂದೆದ್ದು ಅಂಗಳಕ್ಕೆ ಬಂದು ತಂಬಿಗೆಯನ್ನು ಮಾಸ್ತರರ ಕೈಗಿತ್ತರು. ಅವರ ಮುಂದೆ ಬರಿ ನೆಲದ ಮೇಲೆ ಮೊಣಕಾಲೂರಿ ಕುಳಿತು, ತಾವೇ ಬೊಗಸೆ ಒಡ್ಡಿದರು. ಷಣ್ಮುಖಯ್ಯನವರು ಗಾಬರಿಯಾಗಿ ಅಡ್ಡ ಬಂದರು. ತಾಯಿಯವರು ಅವರತ್ತ ನೋಡಲೂ ಇಲ್ಲ.

“ನಮ್ಮಪ್ಪನ ಬಾವಿ ಮ್ಯಾಲೆ ನಿಂತು ಹೊಯ್ದಾಕಿ ನಾನು. ನಡುವ ನಿಲ್ಲಿಸಿ ನಕ್ಕಾಕೀನೂ ಹೌದು. ಇವತ್ತು ನೀವು ಹೊಯ್ರಿ.”

ತಾಯಿಯವರ ತವರೂರು ಬೇರೆಯೇ ಆಗಿತ್ತು. ಆದರೂ ಮಾಸ್ತರರ ಕಿವಿಯಲ್ಲಿ ಅದೇ ಬಳೆಯ ಸದ್ದಾಯಿತು. ತಂಬಿಗೆಯನ್ನು ಎತ್ತರಕ್ಕೆ ಹಿಡಿದರು, ಹೊಯ್ಯಲಿಲ್ಲ. ಐವತ್ತೈದು ವರ್ಷದ ಸಿಟ್ಟು ಆ ಕೈಯಲ್ಲಿತ್ತು. ಕಾಯಿಸಬಹುದಿತ್ತು, ಕಾಯಿಸಿದರು ಕೂಡ. ಕೆಳಗೆ ಸುಕ್ಕುಗಟ್ಟಿದ ಎರಡು ಕೈಗಳು ಹಾಗೆಯೇ ಒಡ್ಡಿಕೊಂಡಿದ್ದವು. ತಾಯಿಯವರ ತುಟಿ ಒಣಗಿತ್ತು. ನೋಡನೋಡುತ್ತ, ಅಲ್ಲಿ ಕುಳಿತವರು ತಾವೋ ಅವರೋ ಎಂಬುದು ಮಾಸ್ತರರಿಗೆ ತಿಳಿಯದಾಯಿತು. ಕೈ ತಾನಾಗಿ ಕೆಳಗಿಳಿಯಿತು. ತಂಬಿಗೆಯ ಬಾಯನ್ನು ತಾಯಿಯವರ ಬೆರಳಿಗೆ ತಾಗುವಷ್ಟು ಹತ್ತಿರ ತಂದು, ಒಂದು ಹನಿಯೂ ಚೆಲ್ಲದಂತೆ ಹೊಯ್ದರು. ತಾಯಿಯವರು ಮೂರು ಬೊಗಸೆ ಕುಡಿದರು.

“ಈಗ ಇದು ತೀರ್ಥ ಆತು,” ಎಂದರು. “ಉಳಿದದ್ದು ಅಕ್ಕಗ ಒಯ್ಯಿರಿ.”

ಸಂಜೆ ಗಾಳೆವ್ವ ಆ ನೀರು ಕುಡಿದು, ಎಷ್ಟೋ ದಿನಗಳ ಮೇಲೆ ದಿಂಬಿಗೆ ಒರಗಿ ಕುಳಿತರು. ತಾಯಿಯವರು ಹೇಗೆ ಕೊಟ್ಟರೆಂದು ಆಸೆಯಿಂದ ಕೇಳಿದರು. ಊರಿನವರೆದುರು ಎಂದೂ ತಲೆ ತಗ್ಗಿಸದ ಮಾಸ್ತರರು ಹೆಂಡತಿಯ ಅಂಗೈಯಲ್ಲಿ ಮುಖವಿಟ್ಟು ಮಗುವಿನಂತೆ ಅತ್ತರು.

“ಅವರು ಕೊಡ್ಲಿಲ್ಲ, ಗಾಳೆವ್ವ,” ಎಂದರು. “ನನ್ನ ಕೈಯಿಂದ ಇಸ್ಕೊಂಡು ಕುಡುದ್ರು.”