ಕೆಂಚಣ್ಣನ ಹದಿನೆಂಟು ಗ್ರಾಂ ನೀರು

ಹುರಿಗಡಲೆ ಮಾರುವ ದ್ಯಾವಮ್ಮನಿಗೆ ಇದ್ದವನು ಒಬ್ಬನೇ ಮಗ, ಕೆಂಚಣ್ಣ. ಚಿನ್ನದಂಥ ಹುಡುಗ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಪಾಪ! ಓದುತ್ತಿದ್ದುದು ಒಂಬತ್ತನೇ ಕ್ಲಾಸು. "ನನ್ನಂಗೆ ತಕ್ಕಡಿ ಹಿಡೀಬಾರ್ದು ಇವ್ನು, ಹತ್ತನೇ ಕ್ಲಾಸು ಮುಗಿಸ್ಬೇಕು" ಅನ್ನುವುದೊಂದೇ ದ್ಯಾವಮ್ಮನ ಆಸೆ.

ವಿಜ್ಞಾನದ ತಾರಾ ಮಿಸ್ ಒಂದು ದಿನ ಹೇಳಿದರು: "ಹನ್ನೆರಡಕ್ಕೆ ಡಜನ್ ಅನ್ನೋ ಹಾಗೆ ಮೋಲ್ ಅಂದ್ರೂ ಒಂದು ಎಣಿಕೆ ಕಣೋ. ಬಹಳ ಬಹಳ ದೊಡ್ಡ ಎಣಿಕೆ. ನಾಳೆ ಒಂದು ಮೋಲ್ ನೀರು ತಗೊಂಡು ಬಾ. ಇದು ತಿಳೀದಿದ್ರೆ ಪಾಸಿಲ್ಲ!"

ಎಣಿಕೆ ಅಂದರೆ ಎಣಿಸಬೇಕಲ್ಲ! ಕೆಂಚಣ್ಣ ಕೊಡಪಾನ ಬಗ್ಗಿಸಿಕೊಂಡು ಕೂತ. ಒಂದು ಹನಿ, ಎರಡು ಹನಿ, ಮೂರು ಹನಿ... ಕೊಡ ಬರಿದಾಯಿತು, ಅಂಗಳ ಕೆಸರಾಯಿತು, ಎಸರಿಡಲು ಅವ್ವನಿಗೆ ನೀರೇ ಇಲ್ಲ.

"ಅಯ್ಯೋ ಪೆದ್ದೇ!" ಅಂದರು ಮಿಸ್, ಸ್ಕೂಲಲ್ಲಿ ಇದನ್ನು ಕೇಳಿ. "ಎಣಿಸಬೇಕಾದ್ದು ಹನಿಯನ್ನಲ್ಲ, ಕಣ್ಣಿಗೆ ಕಾಣದ ಅಣುಗಳನ್ನ. ಏಳು ಜನ್ಮಕ್ಕೂ ಮುಗಿಯಲ್ಲ. ಎಣಿಸಬೇಡ, ತೂಗು! ಹದಿನೆಂಟು ಗ್ರಾಂ ತೂಗಿದ್ರೆ ಒಂದು ಮೋಲ್ ನೀರು."

"ಎಣಿಸಬಾರ್ದು, ತೂಗಬೇಕು" ಅಂದ ಕೆಂಚಣ್ಣ.

ಮಾರನೇ ದಿನ ಮನೆಗೆ ನೆಂಟರು ಬಂದರು. "ಜಗಲೀಲಿ ಎಷ್ಟು ಜನ ಕೂತವ್ರೆ ನೋಡ್ಕಂಡು ಬಾ ಮಗಾ, ಮುದ್ದೆ ಕಟ್ಟಬೇಕು" ಅಂದಳು ಅವ್ವ. ಕೆಂಚಣ್ಣ ತಕ್ಕಡಿ ಹಿಡಿದು ಹೊರಟ.

"ತಾತಾ, ಒಸಿ ಹತ್ತಿ ಕೂತ್ಕಳಿ. ಪೂರ್ತಿ ಹಿಡೀದಿದ್ರೆ ಒಂದು ಕಾಲಾದ್ರೂ ಇಡಿ!"

ತಾತ ಮುದ್ದೆ ಮುಟ್ಟದೆ ಎದ್ದು ಹೋದ.

"ಅಯ್ಯೋ ನನ್ನಪ್ಪಾ!" ದ್ಯಾವಮ್ಮ ಹಣೆ ಚಚ್ಚಿಕೊಂಡಳು. ಸುದ್ದಿ ಕೇಳಿ ಮಿಸ್ ಮತ್ತೆ ಹೇಳಿಕೊಟ್ಟರು: "ಒಂದೊಂದರ ತೂಕ ಒಂದೊಂದು ಥರ ಕಣೋ. ಒಂದು ಮೋಲ್ ಇಂಗಾಲ ಹನ್ನೆರಡು ಗ್ರಾಂ, ಒಂದು ಮೋಲ್ ನೀರು ಹದಿನೆಂಟು. ತೂಕ ಬೇರೆ, ಎಣಿಕೆ ಒಂದೇ. ನೆನಪಿಟ್ಕೋ!"

ನೆನಪಿಟ್ಟುಕೊಂಡ. ಹಬ್ಬಕ್ಕೆಂದು ಅತ್ತೆ ಮನೆಯಿಂದ ಕುಂಬಳಕಾಯಿ ಕಡ ತಂದಿದ್ದರು. "ಒಂದು ತಂದಿದ್ವಿ, ಒಂದು ಕೊಟ್ಟು ಬಾ" ಅಂದಳು ಅವ್ವ. ಕೆಂಚಣ್ಣ ಒಂದು ನೆಲ್ಲಿಕಾಯಿ ಕೊಟ್ಟ.

"ಇದೇನ್ಲಾ ಇದು?"

"ತೂಕ ಬೇರೆ ಅತ್ತೆ, ಎಣಿಕೆ ಒಂದೇ!"

ಅತ್ತೆಯ ಬೈಗುಳ ಬೀದಿಗೆಲ್ಲ ಕೇಳಿತು. ಅದೇ ಸಂಜೆ ಮಿಸ್ಸೂ ಬಾಗಿಲಿಗೆ ಬಂದರು. "ದ್ಯಾವಮ್ಮಾ, ಬೇಜಾರು ಮಾಡ್ಕೋಬೇಡಿ. ಕಂಡಿದ್ದನ್ನೆಲ್ಲ ತೂಗೋಕೆ ಹೋಗ್ತಾನೆ, ನೀರೊಂದನ್ನು ಬಿಟ್ಟು. ಇನ್ನೊಂದು ವರ್ಷ ಒಂಬತ್ತರಲ್ಲೇ ಕೂರಲಿ."

ದ್ಯಾವಮ್ಮ ಹೊಸ್ತಿಲಲ್ಲೇ ಕೂತು ಅಳತೊಡಗಿದಳು. "ಲೋ ಮಗಾ, ನಿನಗೋಸ್ಕರ ಎಷ್ಟು ಕಣ್ಣೀರು ಹಾಕಿವ್ನಿ, ಏನಾರ ಲೆಕ್ಕ ಐತೇನ್ಲಾ?"

ಅವ್ವ ಅತ್ತರೆ ಕೆಂಚಣ್ಣನಿಗೆ ತಡೆಯಲಾಗದು. ಓಡಿಹೋಗಿ ತಕ್ಕಡಿ ತಂದ. ಒಂದು ತಟ್ಟೆಗೆ ಹದಿನೆಂಟು ಗ್ರಾಂ ತೂಕದ ಬಟ್ಟು ಜೋಡಿಸಿದ, ಇನ್ನೊಂದನ್ನು ಅವ್ವನ ಗಲ್ಲದ ಕೆಳಗೆ ಹಿಡಿದ.

"ಹನಿ ಎಣಿಸಬಾರ್ದು ಕಣವ್ವ, ತೂಗಬೇಕು. ಹದಿನೆಂಟು ಗ್ರಾಂ ಆದ್ರೆ ಒಂದು ಮೋಲ್. ಮೂವತ್ತಾರಾದ್ರೆ ಎರಡು. ಅಷ್ಟೊಂದು ಅಳಿಸಾಕಿಲ್ಲ ನಿನ್ನ."

ಮಿಸ್ ಬಾಯಿ ಮೇಲೆ ಕೈಯಿಟ್ಟರು. "ಪಾಸು ದ್ಯಾವಮ್ಮಾ! ನಿಮ್ಮ ಮಗ ಪಾಸು!"

ಅವ್ವನಿಗೆ ನಗುವೂ ಅಳುವೂ ಒಟ್ಟಿಗೇ ಬಂದು ತಟ್ಟೆಗೆ ಹನಿ ಬಿತ್ತು. ಕೆಂಚಣ್ಣ ಬೆರಳದ್ದಿ ನೆಕ್ಕಿ ನೋಡಿದ. ಅವನ ಮುಖ ಬಾಡಿತು.

"ಇದು ಆಗಾಕಿಲ್ಲ ಕಣವ್ವಾ, ಉಪ್ಪುಪ್ಪು ಐತೆ. ಮಿಸ್ ಕೇಳಿರೋದು ಬರೀ ನೀರು. ಉಪ್ಪಿಲ್ದಂಗೆ ಇನ್ನೊಂದ್ಸಲ ಅಳವ್ವಾ!"