ಬೆನ್ನ ಹಿಂದಿನ ಗುಮ್ಮಟ

ಹಳೆಯ ರಾಜಧಾನಿ ವಿಜಯಪುರದಲ್ಲಿ, ಬಾದಶಾಹನ ಗೋರಿಯಾದ ಇಬ್ರಾಹಿಂ ರೋಜಾದಲ್ಲಿ, ಮಕ್ತುಮಸಾಬರೆಂಬ ಹಿರಿಯ ಗೈಡ್ ಇದ್ದರು. ಆ ಕೆಲಸ ಕಲಿಯಬೇಕೆಂದವರು ಅವರ ಬಳಿಗೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಶಿಷ್ಯ ಸಿದ್ರಾಮ ಹೇಳಿದ: "ಉಸ್ತಾದರ, ನಾಳಿಯಿಂದ ನಾ ಬರೂದಿಲ್ರಿ."

"ಯಾಕೋ, ಕಾಲು ನೋಯ್ತಾವೇನು?"

"ಕಾಲಲ್ರಿ, ಬಾಯಿ. ಅದ ಬಾದಶಾಹ, ಅದ ಗುಮ್ಮಟ, ಅದ ಮಾತು. ಕೇಳಿ ಕೇಳಿ ಕಲ್ಲಿಗೂ ಬ್ಯಾಸರ ಬಂದಿರಬೇಕು."

"ಕಲ್ಲನ್ನ ಕೇಳಿ ನೋಡೀಯೇನು?"

ಸಿದ್ರಾಮ ನಗಲಿಲ್ಲ.

"ನನಗ ಈಗೀಗ ಏನೂ ಕಾಣಿಸೂದಿಲ್ರಿ. ನನಗ ಕಾಣದ್ದನ್ನ ಮಂದಿಗೆ ತೋರಸೂದು ಸುಳ್ಳು ಅನಸ್ತದ."

ಮಕ್ತುಮಸಾಬರು ಹೆಬ್ಬಾಗಿಲ ಕಡೆ ಕೈ ತೋರಿದರು.

"ಆತು, ಹೋಗು. ಇವತ್ತೊಂದು ಕೆಲಸ ಮಾಡಿ ಹೋಗು. ಬಾಗಿಲ ಒಳಗ ನಿಲ್ಲು. ಗುಮ್ಮಟಕ್ಕ ಬೆನ್ನು ಮಾಡು. ಬಾಯಿ ಮಾತ್ರ ತೆರೀಬ್ಯಾಡ."

ಅವನು ಹಾಗೆಯೇ ನಿಂತ.

ಕುಷ್ಟಗಿ ಕಡೆಯ ಕುಟುಂಬವೊಂದು ಬಂತು. ಗಂಡ ಹೆಂಡತಿ ದಾರಿಯುದ್ದಕ್ಕೂ ಕಿತ್ತಾಡುತ್ತಿದ್ದರು.

"ಇಂಥಾ ಬಿಸಲಾಗ ಗೋರಿ ನೋಡಾಕ ಕರಕೊಂಡ್ ಬಂದೀರಿ."

"ನೀನ ಅಲ್ಲೇನ, ಹೋಗೂಣು ಹೋಗೂಣು ಅಂದಾಕಿ?"

ಹಿಂದೆ ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ನೆಲ ನೋಡಿಕೊಂಡು ನಡೆಯುತ್ತಿದ್ದಳು.

"ಊರಾಗಿದ್ದಿದ್ರ ಇಷ್ಟೊತ್ತಿಗೆ ನಾ..." ಎನ್ನುತ್ತ ಬಾಗಿಲು ದಾಟಿದ ಗಂಡನ ಮಾತು ಅರ್ಧಕ್ಕೆ ನಿಂತಿತು. ಹೆಂಡತಿ ಅವನ ತೋಳು ಹಿಡಿದಳು. ಮುದುಕಿ ತಲೆ ಎತ್ತಿದಳು. "ಯವ್ವಾ!" ಎಂದಳು. ಮನೆಗೆ ಯಾರೋ ದೊಡ್ಡವರು ಬಂದಂತೆ ಸೆರಗು ಸರಿಮಾಡಿಕೊಂಡಳು.

ಅವರು ನೋಡುತ್ತಿರುವುದೇನೆಂದು ಸಿದ್ರಾಮ ಹೊರಳಿ ನೋಡಿದ.

ನೋಡುತ್ತಲೇ ನಿಂತ.

ಮಕ್ತುಮಸಾಬರು ಆ ಕುಟುಂಬವನ್ನು ಒಳಗೆಲ್ಲ ಸುತ್ತಾಡಿಸಿ ಕರೆತಂದರು. ಕೊನೆಗೆ ಎಂದಿನಂತೆ ಅವರಿಗೆ ಕೈಮುಗಿದರು.

"ಅಯ್ಯ, ನಾವು ಕೈ ಮುಗೀಬೇಕಲ್ರಿ ನಿಮಗ!" ಎಂದು ಮುದುಕಿ ಗಾಬರಿಯಾದಳು.

ಅವರು ಹೋದರು. ಹೊರಗೆ ಇನ್ನೊಂದು ಬಸ್ಸು ಬಂದು ನಿಂತಿತು.

"ಇವರನ್ನ ನಾ ಕರಕೊಂಡ್ ಹೋಗ್ತೀನ್ರಿ," ಎಂದ ಸಿದ್ರಾಮ. ಎರಡು ಹೆಜ್ಜೆ ಇಟ್ಟು ತಿರುಗಿ ನಿಂತ. "ಉಸ್ತಾದರ, ದಿನಾ ಮಂದಿಗೆ ಕೈಮುಗೀತೀರಿ. ನಾ ಅದು ಧಂದೆದ ಮರ್ಯಾದಿ ಅಂತ ತಿಳಕೊಂಡಿದ್ದೆ."

ಮಕ್ತುಮಸಾಬರು ಬಾಗಿಲ ಕಡೆ ನೋಡಿದರು. ಹೊಸಬರು ಚಪ್ಪಲಿ ಸದ್ದು ಮಾಡುತ್ತ ಬರುತ್ತಿದ್ದರು.

"ಇದನ್ನ ಮೊದಲನೇ ಸಲ ನೋಡೂ ಭಾಗ್ಯ ನನಗ ಸಿಕ್ಕಿದ್ದು ಒಮ್ಮೆ ಅಷ್ಟ. ಆಮ್ಯಾಲಿಂದೆಲ್ಲಾ ಇವರು ತಂದು ಕೊಟ್ಟದ್ದು."